ಸಹಾಯ ಬೇಕು: ಬುತ್ತಿ ಬಿಚ್ಚುವಾಗ ಬಂದ ಪ್ರಶ್ನೆಗೆ ಏನು ಹೇಳಲಿ?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಾನು ಧಾರವಾಡದವಳು, ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಕ್ರೈಸ್ತ ಸಭೆ) ಸೇರಿದವಳು. ಮುತ್ತಜ್ಜನ ಕಾಲದಿಂದ ನಾವು ಬಾಸೆಲ್ ಮಿಶನ್‌ನವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನರಿಗಳು ಕನ್ನಡ ಕಲಿತು ಪೇಟೆಯಲ್ಲಿ ನಿಂತು ಮಾತಾಡಿದರು. ನನಗೋ ಹುಟ್ಟು ಭಾಷೆಯಲ್ಲೇ ಬಾಯಿ ಬರುವುದಿಲ್ಲ ನೋಡಿ!

ಹೋದ ವರ್ಷ ನಮ್ಮ ಮನೆಯವರು ಹನ್ನೊಂದು ದಿನ ಐಸಿಯುನಲ್ಲಿದ್ದರು. ಮೊನ್ನೆ ಆಫೀಸಿನಲ್ಲಿ ಬುತ್ತಿ ಬಿಚ್ಚುವಾಗ ಪಕ್ಕದ ಟೇಬಲ್ಲಿನ ಅಕ್ಕ, "ಅಷ್ಟು ದಿನ ಹೆಂಗ್ ತಡಕೊಂಡ್ರಿ ನೀವು?" ಅಂತ ಕೇಳಿದರು. ಪ್ರಾರ್ಥನೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. "ಏನ್ ಮಾಡೂದ್ರಿ, ಬಂದದ್ದು ಅನುಭವಿಸೂದು" ಅಂದು ರೊಟ್ಟಿ ಮುರಿದೆ. ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ಅದೇ ಕೊರೆಯುತ್ತಿದೆ.

ಮತಾಂತರಕ್ಕೆ ಕೈ ಹಾಕಿದಳು ಅಂದುಕೊಂಡಾರು ಅನ್ನುವ ಭಯ. ಸುಮ್ನೆ ಯಾಕೆ ಬೇಕು, ಅಲ್ವಾ? ಆದರೆ ಕೇಳಿದ್ದು ಅವರೇ. ಬೈಬಲಿನ 1 ಪೇತ್ರ 3:15 ಕೂಡ ಕೇಳಿದವರಿಗೆ ಉತ್ತರ ಕೊಡಿ, ಮೆಲ್ಲಗೆ ಕೊಡಿ ಅಂತಲೇ ಹೇಳುವುದು. ಮೋಶೆಯ ನಾಲಿಗೆಯೂ ಮಂದ, ಅವನ ಪರವಾಗಿ ಮಾತಾಡಲು ಅಣ್ಣ ಆರೋನ ಸಿಕ್ಕ. ನನಗೆ ನೀವೇ.

ಈಗ ನಾನಾಗಿ ಆ ಮಾತು ಮತ್ತೆ ಎತ್ತಬಹುದೇ? ಉಪದೇಶ ಅನ್ನಿಸದ ಹಾಗೆ ಎರಡು ಮಾತಲ್ಲಿ ಹೇಗೆ ಹೇಳಲಿ? ಮೊದಲ ಸಲ ಬಾಯಿ ಬಿಟ್ಟಾಗ ನೀವು ಏನಂದಿರೋ ಅದನ್ನೇ ಬರೆಯಿರಿ. ಬರೀ "ಪ್ರಾರ್ಥಿಸುತ್ತೇವೆ" ಬೇಡ, ದಯವಿಟ್ಟು. ಸಭಾಪಾಲಕರನ್ನು ಕೇಳೋಣ ಅಂದರೆ ಬರುವ ಭಾನುವಾರವೇ ಸಾಕ್ಷಿ ಹೇಳಲು ನಿಲ್ಲಿಸಿಬಿಡುತ್ತಾರೆ!