ಸಯನೋಟೈಪ್ (ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ವಿಧಾನ): ತೊಳೆಯುವಾಗ ನೀಲಿಯೆಲ್ಲ ಬಿಟ್ಟುಹೋಗುತ್ತಿದೆ, ಏಕೆ?

ನೀಲಿಹಾಳೆ:
ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಮಿ.ಲೀ. ನೀರಿಗೆ, ಪೊಟ್ಯಾಸಿಯಂ ಫೆರಿಸೈನೈಡ್ 10 ಗ್ರಾಂ ಇನ್ನೊಂದು 100 ಮಿ.ಲೀ.ಗೆ. ಎರಡನ್ನೂ ಸಮಪಾಲು ಬೆರೆಸಿ ಡ್ರಾಯಿಂಗ್ ಶೀಟಿಗೆ ಬಳಿದದ್ದು. ನೆಗೆಟಿವ್ ಓಎಚ್‌ಪಿ (ಪಾರದರ್ಶಕ ಪ್ಲಾಸ್ಟಿಕ್) ಶೀಟಿನ ಮೇಲೆ ಇಂಕ್‌ಜೆಟ್ ಪ್ರಿಂಟ್. ಬಿಸಿಲಿಗೆ 5 ನಿಮಿಷ. ಬೋರ್‌ವೆಲ್ ನೀರಿಗೆ ಹಾಕಿದರೆ ಟ್ರೇಯೆಲ್ಲ ನೀಲಿ, ಕಾಗದದ ಮೇಲೆ ಪೇಲವ ಚಿತ್ರ, ಬಿಳಿ ಇರಬೇಕಾದಲ್ಲಿ ಹಳದಿ. ತಪ್ಪು ಎಲ್ಲಿ?

ಕತ್ತಲಕೋಣೆ:
ಮೊದಲನೆಯದು, ಬಿಸಿಲು ಸಾಲದು. ಗಡಿಯಾರ ನೋಡಬೇಡಿ, ಬಣ್ಣ ನೋಡಿ. ಗಾಢ ಭಾಗಗಳು ನೀಲಿ ದಾಟಿ ಕಂಚಿನಂಥ ಬೂದು ಬಣ್ಣಕ್ಕೆ ತಿರುಗಬೇಕು. ಚಿತ್ರ ಕೆಟ್ಟೇಹೋಯಿತು ಅನ್ನಿಸುವಷ್ಟು. ತೊಳೆದಾಗ ಅದು ಮತ್ತೆ ನೀಲಿಯಾಗುತ್ತದೆ. ಒಂದೇ ಪಟ್ಟಿಯ ಮೇಲೆ ರಟ್ಟು ಸರಿಸುತ್ತ 4, 8, 12, 16 ನಿಮಿಷ ಪರೀಕ್ಷಿಸಿ. ಲೇಪ ದಪ್ಪವಾಗಿದ್ದರೂ ಕಾಗದದೊಳಗೆ ಇಳಿಯದೆ ಮೇಲೆಯೇ ಕೂತು ತೇಲಿಹೋಗುತ್ತದೆ. ತೆಳುವಾಗಿ ಬಳಿದು ಕತ್ತಲಲ್ಲಿ ಪೂರ್ತಿ ಒಣಗಿಸಿ. ಬ್ರಷ್‌ಗೆ ಕಬ್ಬಿಣದ ಪಟ್ಟಿ ಇರಬಾರದು, ನೀಲಿ ಚುಕ್ಕೆ ಬೀಳುತ್ತವೆ.

ಬೆಳಕಿಂಡಿ:
ಬಿಸಿಲಿನ ಮಾತು ಸರಿ, ಆದರೆ ಆ ಬೋರ್‌ವೆಲ್ ನೀರಿನ ಪಾತ್ರವನ್ನು ಮರೆಯಬೇಡಿ. ಪ್ರಷ್ಯನ್ ಬ್ಲೂಗೆ (ಚಿತ್ರದ ನೀಲಿ ವರ್ಣದ್ರವ್ಯಕ್ಕೆ) ಕ್ಷಾರವೇ ಶತ್ರು. ಗಡಸು ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ, ನೀಲಿ ಕರಗುತ್ತದೆ, ಕಬ್ಬಿಣ ಹಳದಿಯಾಗಿ ಕಾಗದದಲ್ಲೇ ಉಳಿಯುತ್ತದೆ. ಮೊದಲ ತೊಳೆತಕ್ಕೆ ಲೀಟರಿಗೆ ಎರಡು ಚಮಚ ಬಿಳಿ ವಿನೆಗರ್ ಅಥವಾ ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ. ಹಳದಿ ಹೋದ ಮೇಲೂ ಹತ್ತು ನಿಮಿಷ ನೀರು ಬದಲಿಸುತ್ತಿರಿ.

ಕಾಗದದಲ್ಲಿ ಸುಣ್ಣದ ಪುಡಿ ಬೆರೆತಿದ್ದರೂ ಇದೇ ಪಾಡು. 10% ಸಲ್ಫಾಮಿಕ್ ಆಸಿಡ್‌ನಲ್ಲಿ ನೆನೆಸಿ, ಗುಳ್ಳೆ ನಿಂತ ಮೇಲೆ ಚೆನ್ನಾಗಿ ತೊಳೆದು ಒಣಗಿಸಿ, ಆಮೇಲೆ ಬಳಿಯಿರಿ. ಈ ಆಮ್ಲ ಫೆರಿಸೈನೈಡ್ ಹತ್ತಿರ ಸುಳಿಯಬಾರದು. ಪ್ರಬಲ ಆಮ್ಲ ಸೇರಿದರೆ ವಿಷಾನಿಲ ಹೊರಡಬಹುದು.

ಕತ್ತಲಕೋಣೆ:
ಇನ್ನೊಂದು: ದೋಷ ನೆಗೆಟಿವ್‌ದೋ ಲೇಪದ್ದೋ ತಿಳಿಯಲು ನೆಗೆಟಿವ್ ತೆಗೆದಿಟ್ಟು ಒಂದು ಜರೀಗಿಡದ ಎಲೆ ಇಡಿ. ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷಲ್ 1842ರಲ್ಲಿ ಈ ವಿಧಾನ ಕಂಡುಹಿಡಿದ ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಆನಾ ಆಟ್ಕಿನ್ಸ್ ಪಾಚಿಗಳನ್ನು ಹೀಗೆಯೇ ನೇರವಾಗಿ ಕಾಗದದ ಮೇಲಿಟ್ಟು ಚಿತ್ರಿಸತೊಡಗಿದ್ದು. ಎಲೆಯ ಆಕಾರ ಬಿಳಿಯಾಗಿ, ಸುತ್ತಲಿನ ನೀಲಿ ಗಾಢವಾಗಿ ಬಂದರೆ ರಾಸಾಯನಿಕ ಸರಿ ಇದೆ, ನೆಗೆಟಿವ್‌ನ ಕರ್ವ್ಸ್ (ಫೋಟೊ ಸಾಫ್ಟ್‌ವೇರಿನ ಬೆಳಕು-ನೆರಳಿನ ಹೊಂದಿಕೆ) ತಿದ್ದಿ.

ನೀಲಿಹಾಳೆ:
ಹೈಡ್ರೋಜನ್ ಪೆರಾಕ್ಸೈಡ್ ಬೇಕೇ?

ಬೆಳಕಿಂಡಿ:
ಬೇಕಿಲ್ಲ. ಗಾಳಿಗೆ ಒಂದು ದಿನ ಬಿಟ್ಟರೆ ನೀಲಿ ತಾನೇ ಗಾಢವಾಗುತ್ತದೆ. ಪೆರಾಕ್ಸೈಡ್ ಅದನ್ನು ಕೆಲವೇ ಕ್ಷಣದಲ್ಲಿ ಮಾಡುತ್ತದೆ, ಅಷ್ಟೇ. ತೊಳೆದುಹೋದ ನೀಲಿಯನ್ನು ಅದು ಮರಳಿ ತರುವುದಿಲ್ಲ.