ಸಹಾಯ ಬೇಕು: ಫಿಡ್ಲರ್ ಏಡಿ ನೋಡಲು ಹೊನ್ನಾವರಕ್ಕೆ ಹೊರಟಿದ್ದೇನೆ

ನಮಸ್ಕಾರ. ನಾನು ತುಮಕೂರಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ. ಕೆರೆ ಏರಿಯ ಏಡಿಗಳನ್ನು ಬಿಟ್ಟರೆ ಬೇರೇನೂ ಕಂಡವಳಲ್ಲ. ಪ್ರಾಜೆಕ್ಟ್‌ಗೆ ಸಿಕ್ಕಿರುವುದು ಫಿಡ್ಲರ್ ಏಡಿ! ಇಳಿತದಲ್ಲಿ ಇವು ಹೊರಬಂದು ಕೆಸರನ್ನು ಬಾಯಲ್ಲೇ ಜರಡಿ ಹಿಡಿದು, ತಿನ್ನಲಾಗದ ಮಣ್ಣನ್ನು ಉಂಡೆ ಮಾಡಿ ಉಗುಳುತ್ತವೆ. ಉಬ್ಬರ ಬಂದಾಗ ಬಿಲ ಸೇರುತ್ತವೆ. ಗಂಡಿನ ದೊಡ್ಡ ಇಕ್ಕಳ ಊಟಕ್ಕೆ ಉಪಯೋಗವಿಲ್ಲ, ಪಾಪ, ಒಂದೇ ಕೈಯಲ್ಲಿ ಉಣ್ಣಬೇಕು. ಹೆಣ್ಣಿಗೆ ಎರಡೂ ಕೈ. ಹಾಗಾದರೆ ಗಂಡು ಹೆಚ್ಚು ಹೊತ್ತು ಮೇಯುತ್ತದೆಯೇ, ಎಷ್ಟು ಸಲ ಬಿಲಕ್ಕೆ ಮರಳುತ್ತದೆ ಎಂದು ಎಣಿಸಬೇಕು.

ಕರಾವಳಿಯವರೇ, ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬಳಿ ಕೆಸರಿನಲ್ಲಿ ಹೂತುಹೋಗದೆ ಕೂರಬಹುದಾದ ಜಾಗ ಎಲ್ಲಿದೆ? ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಬೇಸಿಗೆಯಲ್ಲಷ್ಟೇ ನೀರು ಇಳಿಯುವ ಊರಿನವಳಿಗೆ ಈ ಲೆಕ್ಕ ಹೇಳಿಕೊಡುವಿರಾ? ತುಮಕೂರಿನಲ್ಲಿ ಯಾರಾದರೂ ದುರ್ಬೀನು ಎರವಲು ಕೊಟ್ಟರೆ ಜೋಪಾನವಾಗಿ ಹಿಂತಿರುಗಿಸುತ್ತೇನೆ.