ಸೆಕೆಗಾಲದಲ್ಲಿ ಟ್ರೌಟ್‌ಗೆ ಗಾಳ ಹಾಕಬಹುದಾ? ಹೋಗಿ ಬಂದವರು ಹೇಳಿ

ಕೂಳೂರಿನಿಂದ ಪ್ರಶ್ನೆ:
ರಜೆ ಸಿಕ್ಕಿದಾಗೆಲ್ಲ ಫಲ್ಗುಣಿ ದಡದಲ್ಲಿ ರಾಡ್ ಹಿಡಿದು ಕೂರುವವ ನಾನು. ಜೂನ್ ಮೊದಲ ವಾರ ಮನೆಯವರೊಟ್ಟಿಗೆ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುತ್ತಿದ್ದೇನೆ. ಟ್ರೌಟ್ ಹಿಡಿದು ವಾಪಸ್ ಬಿಡಬೇಕು ಅಂತ ಆಸೆ. ಆದರೆ ಸೆಕೆ ದಿನಗಳಲ್ಲಿ ಬಿಟ್ಟ ಮೀನೂ ಬದುಕುವುದಿಲ್ಲ ಅಂತ ಒಬ್ಬರು ಹೇಳಿದರು. ಹೌದಾ? ಏನೇನು ನೋಡಿಕೊಳ್ಳಬೇಕು?

ಮಲ್ಪೆಯಿಂದ:
ಹೌದು ಮಾರಾಯ್ರೆ, ನನ್ನ ಕೈಯಲ್ಲೇ ಆಗಿದೆ. ಅದೇ ಕಡೆ, ಜೂನ್‌ನಲ್ಲೇ. ದೊಡ್ಡ ಹೊಳೆ ಬಿಟ್ಟು, ಕೆಳಗೆ ಸಣ್ಣಗೆ ಹರಿಯುವ ಒಂದು ತೊರೆಯಲ್ಲಿ ಮಧ್ಯಾಹ್ನ ಗಾಳ ಹಾಕಿದ್ದೆ. ಗೇಣುದ್ದದ ಬ್ರೌನ್ ಟ್ರೌಟ್ ಸಿಕ್ಕಿತು. ತಂಗೂಸು (ಗಾಳದ ದಾರ) ತೆಳ್ಳಗಿತ್ತು, ತುಂಡಾದೀತು ಅಂತ ತುಂಬಾ ಹೊತ್ತು ಆಡಿಸಿ ಎಳೆದೆ. ಮೂರು ಫೋಟೋ ತೆಗೆದು ಬಿಟ್ಟೆ. ಬಾಲ ಬೀಸಿ ಹೋಯಿತು, ಖುಷಿಯಾಯಿತು. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಇಳಿಯುವಾಗ ಕಲ್ಲಿನ ಸಂದಿಯಲ್ಲಿ ಹೊಟ್ಟೆ ಮೇಲಾಗಿ ಸಿಕ್ಕಿಕೊಂಡಿತ್ತು. ತುಟಿಯಲ್ಲಿ ನನ್ನ ಗಾಳದ ತೂತು. ಮೈಮೇಲಿನ ಕೆಂಪು ಚುಕ್ಕಿ ಇನ್ನೂ ಮಾಸಿರಲಿಲ್ಲ. ಆ ದಿನ ಮತ್ತೆ ರಾಡ್ ಮುಟ್ಟಲಿಲ್ಲ.

ಟ್ರೌಟ್ ಚಳಿ ದೇಶದ ಮೀನು, ಬ್ರಿಟಿಷರು ತಂದು ಬಿಟ್ಟದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮೀನಿಗೆ ಅದೇ ಹೊತ್ತಿಗೆ ಉಸಿರು ಜಾಸ್ತಿ ಬೇಕು. ಅದರ ಮೇಲೆ ನಾವು ಎಳೆದಾಡಿ ಸುಸ್ತು ಮಾಡುತ್ತೇವೆ. ಈಜಿಕೊಂಡು ಹೋದದ್ದು ಗಂಟೆಗಳ ನಂತರವೂ ಸಾಯಬಹುದು.

ಹಾಗಾಗಿ ಒಂದು ಥರ್ಮಾಮೀಟರ್ ತಗೊಳ್ಳಿ. ಗಾಳಿಯ ಸೆಕೆ ನೋಡಿ ತೀರ್ಮಾನ ಮಾಡಬೇಡಿ, ನೀರು ಅಳೆಯಿರಿ. ತಂಗೂಸಿಗೆ ಕಟ್ಟಿ, ದಡದಲ್ಲಿ ಅಲ್ಲ, ಹರಿಯುವ ನೀರಿಗೆ ಬಿಟ್ಟು ಎರಡು ನಿಮಿಷ ಕಾಯಿರಿ. 18 ಡಿಗ್ರಿ ದಾಟಿದರೆ ನಾನು ಗಾಳ ಸುತ್ತಿಡುತ್ತೇನೆ. 20 ಆದರೆ ಯಾರೂ ಹಾಕಬಾರದು. ಹಿಮ ಕರಗಿದ ನೀರು ಬರುವ ಕಡೆ ಜೂನ್‌ನಲ್ಲೂ ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ, ಅಲ್ಲಿ ಚಿಂತೆ ಇಲ್ಲ. ಬೆಳಿಗ್ಗೆ ಬೇಗ ಹೋಗಿ. ಸಂಜೆ ಗಾಳಿ ತಂಪಾದರೂ ನೀರು ತಣಿಯಲು ರಾತ್ರಿ ಪೂರ್ತಿ ಬೇಕು.

ಉಡುಪಿಯಿಂದ:
ನಮ್ಮ ಕಡೆ ಒಂದು ಅಭ್ಯಾಸ ಇದೆ. ಕಾಣೆ ಮೀನು ಜಾರುತ್ತದೆ ಅಂತ ಬೈರಾಸಿನಲ್ಲಿ ಹಿಡಿಯುತ್ತೇವೆ. ಸಾರಿಗೆ ಹೋಗುವ ಮೀನಿಗೆ ಅದು ಸರಿ. ಬಿಡುವ ಮೀನಿಗೆ ಬೇಡವೇ ಬೇಡ. ಬಟ್ಟೆ ತಾಗಿದರೆ ಮೈಯ ಲೋಳೆ ಹೋಗುತ್ತದೆ, ಆಮೇಲೆ ಬೂಸು ಹಿಡಿಯುತ್ತದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಒಳಮುಳ್ಳನ್ನು ಮನೆಯಲ್ಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಂಡು ಹೋಗಿ, ಆಗ ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸಬಹುದು. ಗಂಟಲಿಗೆ ಇಳಿದಿದ್ದರೆ ಕೀಳಬೇಡಿ, ತಂಗೂಸು ಕತ್ತರಿಸಿ ಬಿಡಿ. ಬಿಡುವಾಗ ತಲೆ ಹರಿವಿಗೆ ಎದುರಾಗಿರಲಿ. ಹೊಟ್ಟೆಯ ಕೆಳಗೆ ಕೈ ಇಟ್ಟು ಸುಮ್ನೆ ಕಾಯಿರಿ, ಅದಾಗಿಯೇ ಒದ್ದು ಹೋಗುತ್ತದೆ. ಫೋಟೋ ನೀರಿನಲ್ಲಿ ಇರುವಾಗಲೇ ತೆಗೆದರೆ ಚುಕ್ಕಿಗಳೂ ಚಂದ ಕಾಣುತ್ತವೆ.

ಕುಂದಾಪುರದಿಂದ:
ಅಲ್ಲಿಯ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು, ಮರೆಯಬೇಡಿ. ನಮ್ಮಲ್ಲಿ ಜೂನ್, ಜುಲೈ ದೊಡ್ಡ ಬೋಟುಗಳಿಗೆ ರಜೆ ಅಲ್ವಾ, ಹಾಗೆ ಅಲ್ಲಿ ಟ್ರೌಟ್‌ಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ರಜೆ. ಅದು ಮೊಟ್ಟೆ ಇಡುವುದು ಚಳಿಯಲ್ಲಿ. ತಿನ್ನಲು ಆಸೆಯಾದರೆ ಸಾಕಿದ ಟ್ರೌಟ್ ಸಿಗುತ್ತದೆ, ಅದನ್ನೇ ಹುರಿಸಿಕೊಳ್ಳಿ.

ಕೂಳೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಇಕ್ಕಳ ಈಗಲೇ ಬ್ಯಾಗಿಗೆ ಹಾಕಿದೆ, ಥರ್ಮಾಮೀಟರ್ ನಾಳೆ ತರುತ್ತೇನೆ. ಒಂದು ಮಾತು, ಇದೆಲ್ಲ ನಮ್ಮ ಹೊಳೆಗಳಿಗೂ ಅನ್ವಯಿಸುತ್ತದಾ?

ಮಲ್ಪೆಯಿಂದ:
ಡಿಗ್ರಿ ಲೆಕ್ಕ ಬೇರೆ, ನಮ್ಮ ಮೀನುಗಳಿಗೆ ಸೆಕೆ ತಡೆದು ಗೊತ್ತು. ಆದರೆ ಮಳೆ ತಡವಾದ ವರ್ಷ ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನ ಮೇಲೆ ಸ್ವರ್ಣಾ ನದಿ ಬರೀ ಗುಂಡಿಗಳಾಗಿ ನಿಲ್ಲುತ್ತದೆ. ಇದ್ದಬದ್ದ ಮೀನೆಲ್ಲ ಅದರೊಳಗೆ. ಗಾಳ ಹಾಕಿದ ಕೂಡಲೇ ಕಚ್ಚುತ್ತವೆ. ಅಲ್ಲಿಗೆ ನಾನು ರಾಡ್ ಒಯ್ಯುವುದಿಲ್ಲ. ಮೊದಲ ಮಳೆಗೆ ನೀರು ಕೆಂಪಾಗಿ ಹರಿಯುವವರೆಗೆ ಕಾಯುತ್ತೇನೆ.